ರೈಸ್ ಅಂದರೆ ಅಕ್ಕಿಯಲ್ಲ

ಸರ್, ನೀವು ಕೇಳಿದ್ದು ಎರಡು ಪ್ರಶ್ನೆ. ನಮ್ಮ ಶಾಸನಗಳನ್ನು ಊರೂರು ಸುತ್ತಿ ಕೂಡಿಹಾಕಿದ ಬಿ. ಎಲ್. ರೈಸ್ ಅವರ ಹೆಸರಿನಲ್ಲಿರುವ ‘ರೈಸ್’ ಅಂದರೆ ಅಕ್ಕಿಯೇ? ಬಾಸ್ಟನ್ ಹತ್ತಿರ ನಿಮ್ಮ ಮಗಳ ಪಕ್ಕದ ಮನೆಯ ರೈಸ್ ಕುಟುಂಬಕ್ಕೂ ಅವರಿಗೂ ನಂಟಿದೆಯೇ? ಮೊದಲನೆಯದಕ್ಕೆ ಉತ್ತರ ಸುಲಭ, ಅಕ್ಕಿಯಲ್ಲ. ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು.

ಉಣ್ಣುವ ರೈಸ್ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಪದ. ಮನೆತನದ ರೈಸ್ ಬಹುಪಾಲು ಇಂಗ್ಲೆಂಡಿನ ಪಕ್ಕದ ವೇಲ್ಸ್‌ನದು. ಅಲ್ಲಿ ‘ರೀಸ್’ ಅನ್ನುವುದು ಗಂಡಸರ ಹೆಸರು, ಹುರುಪು ಎಂಬ ಅರ್ಥ. 1093ರಲ್ಲಿ ಸತ್ತ ರೀಸ್ ಆಪ್ ಟ್ಯೂಡರ್ ಎಂಬ ರಾಜನೇ ಇದ್ದ. ಇಂಗ್ಲಿಷರ ನಾಲಿಗೆಯಲ್ಲಿ ಹಳೆಯ ‘ಈ’ ಸ್ವರ ನಿಧಾನವಾಗಿ ‘ಐ’ ಆಯಿತು. ಬೇಗ ಇಂಗ್ಲಿಷಿಗೆ ಸೇರಿದ ರೀಸ್ ರೈಸ್ ಆಗಿಬಿಟ್ಟಿತು. ತಡವಾಗಿ ಬಂದವರು ರೀಸ್ ಆಗಿಯೇ ಉಳಿದರು.

‘ಆಪ್’ ಅಂದರೆ ಮಗ. ‘ಆಪ್ ರೀಸ್’ ಬಾಯಿಂದ ಬಾಯಿಗೆ ಬಿದ್ದು ಪ್ರೈಸ್, ಪ್ರೀಸ್ ಆಯಿತು. ಆಪ್ ಹೌವೆಲ್ ಪೊವೆಲ್ ಆದ, ಆಪ್ ರಿಚರ್ಡ್ ಪ್ರಿಚರ್ಡ್ ಆದ. ವೇಲ್ಸ್‌ನಲ್ಲಿ ಮೊದಲು ಮನೆತನದ ಹೆಸರೇ ಇರಲಿಲ್ಲ. ನಮ್ಮ ಇನಿಶಿಯಲ್ ಥರ ಅಪ್ಪನ ಹೆಸರು ಸೇರಿಸುತ್ತಿದ್ದರು, ಪ್ರತಿ ತಲೆಮಾರಿಗೂ ಅದು ಬದಲಾಗುತ್ತಿತ್ತು. 1536 ಮತ್ತು 1543ರ ಕಾಯ್ದೆಗಳಿಂದ ಇಂಗ್ಲೆಂಡಿನ ಕಾನೂನು ಅಲ್ಲಿಗೂ ಬಂತು. ಆಮೇಲೆ ದೊಡ್ಡ ಮನೆಗಳವರು ಮೊದಲು, ಬಡವರು ಎಷ್ಟೋ ಕಾಲದ ನಂತರ, ಅಪ್ಪನ ಹೆಸರನ್ನೇ ಕಾಯಂ ಮಾಡಿಕೊಂಡರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕೇಳಿದಾಗ ನಾವು ಅಪ್ಪನ ಹೆಸರು ಬರೆದು ಬರುತ್ತೇವಲ್ಲ, ಹಾಗೇ. ನಾಳೆ ಹಾಸನದ ಒಬ್ಬ ಮಂಜುನಾಥ್, ಕಾರ್ಕಳದ ಒಬ್ಬ ಮಂಜುನಾಥ್ ಇಬ್ಬರ ಮೊಮ್ಮಕ್ಕಳೂ ‘ಮಂಜುನಾಥ್’ ಮನೆತನದವರಾದರೆ ದಾಯಾದಿಗಳಾಗುತ್ತಾರಾ?

ರೀಸ್ ಎಂಬ ಅಪ್ಪಂದಿರು ಊರಿಗೊಬ್ಬರು ಇದ್ದರು. ಸಾಲದು ಅಂತ ಬೇರೆ ಕಡೆಯ ಜನವೂ ಇದೇ ಹೆಸರಿಗೆ ಬಂದು ಸೇರಿದ್ದಾರೆ. ಅಮೆರಿಕಕ್ಕೆ ಹೋದ ಜರ್ಮನ್ನರ ರೈಸ್ ಇಂಗ್ಲಿಷ್ ಕಾಗುಣಿತಕ್ಕೆ ತಿರುಗಿತು. ಉತ್ತರ ಐರ್ಲೆಂಡಿನ ಕಡೆ ಒಂದು ಗೇಲಿಕ್ ಮನೆತನವೂ ರೈಸ್ ಅಂತ ಬರೆಸಿಕೊಂಡಿತು.

ಈಗ ಬಾಸ್ಟನ್ ವಿಷಯ. ಎಡ್ಮಂಡ್ ರೈಸ್ ಎಂಬಾತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು 1638ರ ಹೊತ್ತಿಗೆ ಮ್ಯಾಸಚೂಸೆಟ್ಸ್ ಸೇರಿದ. ಅದಕ್ಕೆ ಮೊದಲು ಇಂಗ್ಲೆಂಡಿನ ಸಫೋಕ್‌ನಲ್ಲಿ, ಆಮೇಲೆ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ ಇದ್ದವನು. ಸಡ್ಬರಿ ಊರು ಕಟ್ಟಿದವರಲ್ಲಿ ಒಬ್ಬ, ಮಾರ್ಲ್‌ಬರೋ ಕಟ್ಟಿದವರಲ್ಲೂ ಒಬ್ಬ. 1663ರಲ್ಲಿ ತೀರಿಕೊಂಡ. ಇವನ ವಂಶದವರು ಆ ಭಾಗದಲ್ಲಿ ತುಂಬಾ ಇದ್ದಾರೆ, ಅವರದೇ ಒಂದು ಸಂಘವೂ ಇದೆ. ಇವನ ಅಪ್ಪ ಅಮ್ಮ ಯಾರು ಅನ್ನುವುದಕ್ಕೆ ದಾಖಲೆ ಸಿಕ್ಕಿಲ್ಲ. ಆದರೂ ನೆಟ್‌ನಲ್ಲಿ ಇವನನ್ನು ವೇಲ್ಸ್ ರಾಜರಿಗೆ ಜೋಡಿಸಿದ ವಂಶವೃಕ್ಷಗಳು ಸಿಗುತ್ತವೆ. ಚೆಂದ ಕಾಣುತ್ತವೆ ಅಂತ ಸುಮ್ನೆ ಕಾಪಿ ಮಾಡಬೇಡಿ. ರಾಜ ಸಿಕ್ಕಿದ ಕೂಡಲೇ ನನಗಂತೂ ಅನುಮಾನ ಶುರುವಾಗುತ್ತದೆ.

ಇದೇ ವಂಶದ ಒಂದು ಕಥೆ ನನಗೆ ಮರೆಯಲಾಗದ್ದು. 1704ರ ಆಗಸ್ಟಿನಲ್ಲಿ, ಈಗಿನ ವೆಸ್ಟ್‌ಬರೋದಲ್ಲಿ, ಹೊಲದಲ್ಲಿದ್ದ ರೈಸ್ ಮನೆಯ ಹುಡುಗರ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನ ಬಿದ್ದರು. ಒಬ್ಬ ಪುಟ್ಟ ಹುಡುಗ ಸತ್ತ, ನಾಲ್ವರನ್ನು ಮಾಂಟ್ರಿಯಲ್ ಹತ್ತಿರದ ಕಾನವಾಕೆಗೆ ಒಯ್ದರು. ಒಬ್ಬ ಕೆಲವು ವರ್ಷಕ್ಕೆ ಮನೆಗೆ ವಾಪಸ್ ಬಂದ. ಸೈಲಸ್ ಮತ್ತು ತಿಮೊಥಿ ಮೊಹಾಕ್ ಮನೆಗಳಿಗೆ ದತ್ತು ಹೋಗಿ ಅಲ್ಲೇ ಉಳಿದರು. ಮೊಹಾಕರಲ್ಲಿ ಕುಲ ತಾಯಿಯಿಂದ ಬರುತ್ತದೆ, ನಮ್ಮ ಕರಾವಳಿಯ ಅಳಿಯಸಂತಾನದವರಲ್ಲಿ ‘ಬಳಿ’ ಎಂಬ ಕುಲ ಬರುವ ಹಾಗೆ. ಆದರೂ ರೈಸ್ ಎಂಬ ಹೆಸರು ಇವತ್ತಿಗೂ ಕಾನವಾಕೆಯಲ್ಲಿದೆ. ಒಂದೇ ಹೆಸರು, ಒಂದೇ ಮೂಲ, ಆದರೆ ಒಂದು ಕಡೆ ಚರ್ಚಿನಲ್ಲಿ ಡೀಕನ್ ಎಂಬ ಹುದ್ದೆಯಲ್ಲಿದ್ದ ಎಡ್ಮಂಡನ ಮೊಮ್ಮಕ್ಕಳು, ಇನ್ನೊಂದು ಕಡೆ ಮೊಹಾಕರು.

ಬೆಂಗಳೂರಿನ ರೈಸ್ ಮನೆಗೂ ಎಡ್ಮಂಡ್ ಅಮೆರಿಕಕ್ಕೆ ಹೋದದ್ದಕ್ಕೂ ಸುಮಾರು ಇನ್ನೂರು ವರ್ಷದ ಅಂತರ. ಬಿ. ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚು ಇವರ ನೆನಪಿನದು. ಬಿ. ಎಲ್. ರೈಸ್ 1837ರ ಜುಲೈನಲ್ಲಿ ಬೆಂಗಳೂರಿನಲ್ಲೇ ಹುಟ್ಟಿದರು. ತಮ್ಮ ಇ. ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆ ಬರೆದವರು. ತಮಾಷೆ ನೋಡಿ, ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದೂ ಅದೇ 1837ರ ಜುಲೈ 1ರಂದು. ಆದರೆ ಹುಟ್ಟಿದ್ದು ಇಲ್ಲಿ, ಹಾಗಾಗಿ ಆ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹುಡುಕುವುದಾದರೆ ಹೀಗೆ ಮಾಡಿ. ಬೆಂಗಳೂರಿನ ಕಡೆಗೆ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಮದ್ರಾಸ್’ ಅಂತ ನೋಡಬೇಕು, ಮೈಸೂರು ಅಂತ ಹುಡುಕಿದರೆ ಕೈಗೆ ಬರುವುದಿಲ್ಲ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಸಂಘದ ಸೈಟಿನಲ್ಲಿ ಇಂಥ ಎಷ್ಟೋ ಪಟ್ಟಿಗಳು ಪುಕ್ಕಟೆ ಸಿಗುತ್ತವೆ. ಲಂಡನ್ ಮಿಷನ್ನಿನ ಕಾಗದಪತ್ರ ಲಂಡನ್ನಿನ ಸೋಯಾಸ್ ಕಾಲೇಜಿನಲ್ಲಿದೆ. ಮಿಷನ್ ಪಾದ್ರಿಗಳು ಹೆಚ್ಚಾಗಿ ಇಂಗ್ಲೆಂಡಿನ ಸರ್ಕಾರಿ ಚರ್ಚಿನವರಲ್ಲ, ಹಾಗಾಗಿ ಇಂಗ್ಲೆಂಡ್ ಕಡೆ ಹಿಂದಕ್ಕೆ ಹೋಗುವಾಗ 1538ರಿಂದ ಇರುವ ಚರ್ಚ್ ರಿಜಿಸ್ಟರುಗಳಷ್ಟೇ ಸಾಲವು, ಬೇರೆ ಪಂಗಡದ ಚಾಪೆಲ್‌ಗಳದನ್ನೂ ನೋಡಿ. ಎಲ್ಲಿ ಹುಡುಕಿದರೂ ರೈಸ್, ರೀಸ್, ಪ್ರೈಸ್ ಮೂರೂ ಹಾಕಿ. ಗುಮಾಸ್ತರು ಕಿವಿಗೆ ಕೇಳಿದ್ದನ್ನು ಬರೆದವರು.

ಪಕ್ಕದ ಮನೆಯವರ ವಿಷಯದಲ್ಲಿ ಮಗಳಿಗೆ ಇಷ್ಟು ಹೇಳಿ. ಮನೆಯಲ್ಲಿ ಗೊತ್ತಿರುವ ಅತಿ ಹಳೆಯ ಅಜ್ಜ ಯಾರು, ಯಾವ ಊರು, ಯಾವ ಚರ್ಚು, ಹೆಸರು ಮೊದಲು ಬೇರೆ ಥರ ಬರೆಯುತ್ತಿದ್ದರಾ ಅಂತ ಕೇಳಲಿ. ಸಡ್ಬರಿ, ಮಾರ್ಲ್‌ಬರೋ ಅಂದರೆ ಎಡ್ಮಂಡನ ಕಡೆ ನೋಡಬಹುದು. ಪೆನ್ಸಿಲ್ವೇನಿಯ, ಲೂಥರನ್ ಚರ್ಚು ಅಂದರೆ ಜರ್ಮನ್ ಕಡೆ ತಿರುಗಿ. ಅವರಿಗೆ ಆಸಕ್ತಿ ಇದ್ದರೆ ಗಂಡಸರೊಬ್ಬರು ವೈ-ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುವುದರಿಂದ ಮನೆತನದ ಹೆಸರಿನ ಜೊತೆಗೇ ಸಾಗುತ್ತದೆ. ಎಡ್ಮಂಡನ ಸಂಘದವರ ಬಳಿ ಹೋಲಿಸಿ ನೋಡಲು ಫಲಿತಾಂಶಗಳಿವೆ. ಊರಿನ ಹೆಸರು ಸಿಕ್ಕಿದರೆ ಇಲ್ಲೇ ಹಾಕಿ, ಮುಂದಿನದು ನೋಡೋಣ.