ವೀಸಾ ಅವಧಿ ಮುಗಿದ ಮನೆಯ ಮಗಳಿಗೆ ಕ್ಯಾಲಿಫೋರ್ನಿಯಾದ ಕಾಲೇಜು

ತಂಗೀ,

ನಿಮ್ಮ ಯಜಮಾನರ ಕೆಲಸ ಹೋಗಿ, ಎಚ್-1ಬಿ ಎಂಬ ಉದ್ಯೋಗ ವೀಸಾದವರಿಗೆ ಸಿಗುವ 60 ದಿನಗಳ ಗಡುವಿನಲ್ಲಿ ಬೇರೆ ಕೆಲಸ ದೊರೆಯದೆ, ಈಗ ಮನೆಯವರೆಲ್ಲರ ವೀಸಾ ಅವಧಿ ಮುಗಿದಿದೆ ಎಂದು ಬರೆದಿದ್ದೀರಿ. ಮೂರು ವರ್ಷಗಳ ಹಿಂದೆ ಸನಿವೇಲ್‌ಗೆ ಬಂದು ಒಂಬತ್ತನೆಯ ತರಗತಿಗೆ ಸೇರಿದ ಮಗಳು ಈಗ ಹನ್ನೆರಡನೆಯದರಲ್ಲಿದ್ದಾಳೆ. ಅವಳಿಗೆ ಕಾಲೇಜು ಸಿಕ್ಕೀತೇ, ಅರ್ಜಿ ತುಂಬಿದರೆ ನಮ್ಮ ವಿಳಾಸ ವಲಸೆ ಇಲಾಖೆಯ ಕೈಗೆ ಹೋದೀತೇ ಎಂದು ಕೇಳಿದ್ದೀರಿ.

ಕಾಲೇಜು ಸಿಗುತ್ತದೆ, ಹಣದ ನೆರವೂ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲಿ ಬಂದ ಎಬಿ 540 ಎಂಬ ಕಾನೂನಿನ ಪ್ರಕಾರ, ಇಲ್ಲಿನ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ತೇರ್ಗಡೆಯಾದವರು ದಾಖಲೆಯಿಲ್ಲದಿದ್ದರೂ ಹೊರರಾಜ್ಯದವರ ಶುಲ್ಕ ಕಟ್ಟಬೇಕಾಗಿಲ್ಲ. ಹಿಂದೆ ಎಚ್-4 (ಎಚ್-1ಬಿಯವರ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳಿಗೆ ಕೊಡುವ ವೀಸಾ) ಇದ್ದು ಈಗ ಅವಧಿ ಮುಗಿದವರೂ ಇದರೊಳಗೆ ಬರುತ್ತಾರೆ. ಕಾನೂನಿನ ಪ್ರಕಾರ ಅವಕಾಶ ಒದಗಿದ ಕೂಡಲೇ ವಾಸದ ಸ್ಥಿತಿಯನ್ನು ಸರಿಪಡಿಸಿಕೊಳ್ಳುತ್ತೇನೆ ಎಂಬ ಪ್ರಮಾಣಪತ್ರವನ್ನು ಮಗಳು ತನ್ನ ಕಾಲೇಜಿಗೆ ಕೊಡಬೇಕಾಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಹೊರಗಿನವರು ವರ್ಷಕ್ಕೆ 34,000 ಡಾಲರಿಗೂ ಮೀರಿದ ಹೆಚ್ಚುವರಿ ಶುಲ್ಕ ಕಟ್ಟುತ್ತಾರೆ ಎಂಬುದನ್ನು ನೆನೆದರೆ, ಈ ಒಂದು ಹಾಳೆಯ ಬೆಲೆ ತಿಳಿಯುತ್ತದೆ.

ಹಣದ ನೆರವಿಗೆ ಎರಡು ಬೇರೆ ಅರ್ಜಿಗಳಿವೆ, ಅವುಗಳಲ್ಲಿ ಗೊಂದಲವಾಗಬಾರದು. ಶಾಲೆಯಲ್ಲಿ ಎಲ್ಲರೂ ಮಾತನಾಡುವ ಫಾಫ್ಸಾ ಅಮೆರಿಕದ ಕೇಂದ್ರ ಸರ್ಕಾರದ ನೆರವಿನ ಅರ್ಜಿ. ನಿಮ್ಮ ಮಗಳು ಅದನ್ನು ತುಂಬಬಾರದು. ಅವಳು ತುಂಬಬೇಕಾದದ್ದು ಕ್ಯಾಲಿಫೋರ್ನಿಯಾ ಡ್ರೀಮ್ ಆ್ಯಕ್ಟ್ ಅರ್ಜಿ. ಅದನ್ನು ನೋಡಿಕೊಳ್ಳುವುದು ರಾಜ್ಯದ ವಿದ್ಯಾರ್ಥಿ ನೆರವು ಆಯೋಗವೇ ಹೊರತು ವಲಸೆ ಇಲಾಖೆಯಲ್ಲ, ಅದಕ್ಕೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಬೇಕಾಗಿಲ್ಲ. 2011ರಲ್ಲಿ ಅಂಗೀಕಾರವಾದ ಈ ಕಾಯ್ದೆಯಿಂದಾಗಿ ಕ್ಯಾಲ್ ಗ್ರ್ಯಾಂಟ್ ಎಂಬ ರಾಜ್ಯದ ಅನುದಾನ, ವಿಶ್ವವಿದ್ಯಾಲಯದ ಸ್ವಂತ ಅನುದಾನ ಮತ್ತು ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಶುಲ್ಕ ವಿನಾಯಿತಿಗಳು ಇಂಥ ಮಕ್ಕಳಿಗೂ ತೆರೆದಿವೆ. ಗಡುವು ಸಾಮಾನ್ಯವಾಗಿ ಮಾರ್ಚ್ 2. ಯಾವುದೇ ಅರ್ಜಿಯಲ್ಲಿ, ಯಾರು ಹೇಳಿದರೂ, ಅಮೆರಿಕದ ಪ್ರಜೆ ಎಂಬ ಚೌಕದಲ್ಲಿ ಗುರುತು ಹಾಕಬೇಡಿ. ಆ ಸುಳ್ಳು ಮುಂದೆ ಗ್ರೀನ್ ಕಾರ್ಡಿನ ಬಾಗಿಲನ್ನೇ ಶಾಶ್ವತವಾಗಿ ಮುಚ್ಚಿಬಿಡಬಹುದು.

ನೀವು ಕೇಳದಿದ್ದರೂ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದಿರುವುದು ಮಗಳ ವಯಸ್ಸು. ಬರುವ ಜನವರಿಗೆ ಅವಳಿಗೆ 18 ತುಂಬುತ್ತದೆ ಎಂದಿದ್ದೀರಿ. ಕಾನೂನುಬಾಹಿರ ವಾಸದ ದಿನಗಳನ್ನು ಮಕ್ಕಳ ವಿಷಯದಲ್ಲಿ 18 ತುಂಬುವವರೆಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಂದಾಚೆಗೆ 180 ದಿನ ಮೀರಿ ಇದ್ದು ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ಇದ್ದು ಬಿಟ್ಟರೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಊರಿನಲ್ಲಿ ಮದುವೆಯೋ ಸಾವೋ ಆಯಿತೆಂದು ಟಿಕೆಟ್ ಕೊಂಡುಬಿಡುವ ನಮ್ಮ ಅಭ್ಯಾಸ ಇಲ್ಲಿ ಬಹಳ ಅಪಾಯಕಾರಿ. ಇಲ್ಲೇ ಓದಿಸುವುದೋ, ಅವಳನ್ನು ಬೆಂಗಳೂರಿಗೆ ಕಳುಹಿಸಿ ಅಲ್ಲಿಂದ ಹೊಸ ವೀಸಾಕ್ಕೆ ಪ್ರಯತ್ನಿಸುವುದೋ ಎಂಬ ನಿರ್ಧಾರವನ್ನು ಜನವರಿಗೆ ಮೊದಲೇ ವಲಸೆ ವಕೀಲರೊಬ್ಬರ ಮುಂದೆ ಕುಳಿತು ಮಾಡಿ. ಸಂಪಾದನೆ ಕಡಿಮೆಯಿರುವವರಿಗೆ ಸ್ಯಾಂಟಾ ಕ್ಲಾರಾ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಸಮುದಾಯ ಕಾನೂನು ಕೇಂದ್ರದಂಥ ಕಡೆ ನೆರವು ದೊರೆಯುತ್ತದೆ. ಹಣ ಕೊಟ್ಟರೆ ಎಲ್ಲವನ್ನೂ ಸರಿಮಾಡಿಸುತ್ತೇನೆ ಎನ್ನುವ ಮಧ್ಯವರ್ತಿಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಇಲ್ಲೇ ಓದಿಸುವುದಾದರೆ, ನನ್ನ ಅಭಿಪ್ರಾಯದಲ್ಲಿ ಕಮ್ಯುನಿಟಿ ಕಾಲೇಜಿನಿಂದ ಆರಂಭಿಸುವುದು ಒಳ್ಳೆಯದು. ನಮ್ಮವರು ಅದರ ಹೆಸರು ಕೇಳಿದರೆ ಮೂಗು ಮುರಿಯುತ್ತಾರೆ. ಆದರೆ ಯೂನಿಟ್ಟಿಗೆ (ಪಾಠಗಳನ್ನು ಅಳೆಯುವ ಘಟಕ) 46 ಡಾಲರ್ ಶುಲ್ಕ, ಅದಕ್ಕೂ ವಿನಾಯಿತಿಯ ಅವಕಾಶ, ಎರಡು ವರ್ಷದ ನಂತರ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯ ದಾರಿ, ಇಷ್ಟೆಲ್ಲ ಒಟ್ಟಿಗೆ ಇರುವುದು ಅಲ್ಲಿಯೇ. ನಿಮ್ಮ ಮನೆಗೆ ಹತ್ತಿರದ ಡಿ ಆಂಜಾ ಕಾಲೇಜಿನಲ್ಲಿ ಎಬಿ 540 ವಿದ್ಯಾರ್ಥಿಗಳಿಗೆಂದೇ ಹೆಫಾಸ್ ಎಂಬ ಕೇಂದ್ರವಿದೆ. 2019ರ ಕಾನೂನೊಂದರ ಪ್ರಕಾರ ರಾಜ್ಯದ ಪ್ರತಿ ಕಮ್ಯುನಿಟಿ ಕಾಲೇಜಿನಲ್ಲೂ ಇಂಥ ಮಕ್ಕಳಿಗಾಗಿ ಒಬ್ಬ ಸಂಪರ್ಕಾಧಿಕಾರಿ ಇರಬೇಕು. ಮುಂದೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಬರ್ಕ್ಲಿ ಕ್ಯಾಂಪಸ್ಸಿಗೆ ಹೋದರೆ ಅಲ್ಲಿ ಪಠ್ಯಪುಸ್ತಕ ಎರವಲು, ಆಪ್ತ ಸಮಾಲೋಚನೆ, ವಕೀಲರ ನೆರವು ಒಂದೇ ಕಡೆ ಸಿಗುವ ವಿಭಾಗವಿದೆ. ಅದರ ಡೇವಿಸ್ ಕ್ಯಾಂಪಸ್ಸಿನ ಕಾನೂನು ಶಾಲೆಯಲ್ಲಿ ನೆಲೆಗೊಂಡಿರುವ ಯುಸಿ ವಲಸೆ ಕಾನೂನು ಸೇವಾ ಕೇಂದ್ರವು ಇತರ ಕ್ಯಾಂಪಸ್‌ಗಳ ವಿದ್ಯಾರ್ಥಿಗಳ ಜೊತೆಗೆ ಅವರ ತಂದೆತಾಯಿಯರ ಪ್ರಕರಣಗಳನ್ನೂ ಉಚಿತವಾಗಿ ನೋಡುತ್ತದೆ.

ಕೆಲಸದ ವಿಷಯ ಕಷ್ಟದ್ದು. ಬಾಲ್ಯದಲ್ಲೇ ಬಂದ ದಾಖಲೆಯಿಲ್ಲದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಮತ್ತು ಕೆಲಸದ ಪರವಾನಗಿ ಕೊಡುವ 2012ರ ಡಾಕಾ (DACA) ಯೋಜನೆ 2007ರಿಂದಲೇ ಇಲ್ಲಿ ನೆಲೆಸಿದ್ದವರಿಗೆ ಮಾತ್ರವಾದ್ದರಿಂದ ಅವಳಿಗೆ ಅನ್ವಯಿಸದು, ಆದ್ದರಿಂದ ಆ ದಾರಿಯಲ್ಲಿ ಕೆಲಸದ ಪರವಾನಗಿ ದೊರೆಯದು. ಕ್ಯಾಲ್ ಗ್ರ್ಯಾಂಟ್ ಪಡೆಯುವ ಇಂಥ ಕೆಲವು ವಿದ್ಯಾರ್ಥಿಗಳಿಗೆ ಸಮುದಾಯ ಸೇವೆಗೆ ಪ್ರತಿಯಾಗಿ ರಾಜ್ಯ ಕೊಡುವ ಪ್ರೋತ್ಸಾಹಧನವೊಂದಿದೆ. ಅದರ ಬಗ್ಗೆ ಹೆಫಾಸ್‌ನಲ್ಲಿ ವಿಚಾರಿಸಿ. ಪೌರತ್ವ ಕೇಳದ ವಿದ್ಯಾರ್ಥಿವೇತನಗಳ ಪಟ್ಟಿ ಇಮಿಗ್ರಂಟ್ಸ್ ರೈಸಿಂಗ್ ಸಂಸ್ಥೆಯಲ್ಲಿ ದೊರೆಯುತ್ತದೆ.

ಅಪಾಯವೇ ಇಲ್ಲ ಎಂದು ನಾನು ಹೇಳಲಾರೆ. 2025ರ ಜೂನ್‌ನಲ್ಲಿ ಟೆಕ್ಸಾಸಿನ ಇಂಥದೇ ಶುಲ್ಕದ ಕಾನೂನನ್ನು ನ್ಯಾಯಾಲಯ ತಡೆಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮೇಲೂ ಕೇಂದ್ರ ಸರ್ಕಾರ ದಾವೆ ಹೂಡಿತು. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಅಂದಿನ ಸ್ಥಿತಿಯನ್ನು ಕಾಲೇಜಿನ ಕೇಂದ್ರದಲ್ಲೇ ಕೇಳಿ ತಿಳಿಯಿರಿ. ಕನ್ನಡ ಕೂಟದಲ್ಲಿ ಯಾರಿಗಾದರೂ ಗೊತ್ತಾದೀತೆಂದು ಅಂಜಿ ಈ ತಿಂಗಳುಗಳನ್ನು ಕಳೆದುಕೊಳ್ಳಬೇಡಿ. ಮೊದಲು ವಕೀಲರನ್ನು ಕಾಣಿ, ಆಮೇಲೆ ಡಿ ಆಂಜಾಕ್ಕೆ ಹೋಗಿ. ಎರಡು ಕಡೆಗೂ ಮಗಳನ್ನು ಜೊತೆಗೇ ಕರೆದೊಯ್ಯಿರಿ.