ಏಳು ಪುಟದ ಕ್ರಿಸ್ಮಸ್ ಪ್ರಸಂಗ

ನನ್ನ ಬಳಿ ಆಪ್ತ ಸಲಹೆಗೆ ಬಂದ ಒಬ್ಬ ಚರ್ಚಿನ ಸಭಾಪಾಲಕರನ್ನು ಇಲ್ಲಿ ಪಾಲಕರು ಎಂದಷ್ಟೇ ಕರೆಯುತ್ತೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 62. ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ, ಶುರುವಾಗಲು ಇನ್ನೆರಡು ವಾರವಿತ್ತು. ಕೂತವರೇ, "ನನಗೇನೂ ಆಗಿಲ್ಲ ಮೇಡಂ. ಮನೆಯವಳ ಹಟಕ್ಕೆ ಬಂದೆ. ಹೇಗೂ ಬಂದಿದ್ದೀನಿ, ಕ್ರಿಸ್ಮಸ್ ಪ್ರಸಂಗ ಬರೆದಿದ್ದೀನಿ, ಓದಿ ಹೇಳಿ" ಎಂದು ಹಾಳೆಗಳನ್ನು ಮುಂದೆ ಚಾಚಿದರು.

ಏಳು ಪುಟ. ಆರಾಧನೆಯಲ್ಲಿ ಮಾಡುವ ಬೋಧನೆ. ಮನೆಗಳಲ್ಲಿ ಪ್ರಾರ್ಥನೆ ನಿಂತಿದೆ, ಮಕ್ಕಳು ದೇವಾಲಯದ ಮೆಟ್ಟಿಲು ತುಳಿಯುವುದಿಲ್ಲ, ಆರಾಧನೆಯನ್ನು ಹಾಸಿಗೆಯಲ್ಲಿ ಬಿದ್ದುಕೊಂಡೇ ಫೋನಿನಲ್ಲಿ ನೋಡುತ್ತಾರೆ, ಹಬ್ಬವೆಂದರೆ ಖರೀದಿ. ಸುಳ್ಳೇನಿರಲಿಲ್ಲ, ಹೊಸದೂ ಏನಿರಲಿಲ್ಲ. ನನ್ನ ಕಣ್ಣು ನಿಂತದ್ದು ಅಕ್ಷರಗಳ ಮೇಲೆ. ಪ್ರತಿ ಸಾಲೂ ದೊಡ್ಡದಾಗಿ ಶುರುವಾಗಿ, ಬಲಕ್ಕೆ ಹೋಗುತ್ತ ಇರುವೆ ಸಾಲಿನಷ್ಟು ಕಿರಿದಾಗಿತ್ತು. "ಬರೆಯಲು ಕಷ್ಟವಾಗುತ್ತಿದೆಯಾ?" ಎಂದು ಕೇಳಿದೆ. ಬಹಳ ಹೊತ್ತು ಉತ್ತರ ಬರಲಿಲ್ಲ.

"ಪಾರ್ಕಿನ್ಸನ್ಸ್. ಹದಿನಾಲ್ಕು ತಿಂಗಳಾಯಿತು."

ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆರಾಧನೆಯಲ್ಲಿ ಹಂಚುವ ಪವಿತ್ರ ಭೋಜನದ ದ್ರಾಕ್ಷಾರಸದ ಪಾತ್ರೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಸಂಭಾಳಿಸುತ್ತಿದ್ದರಂತೆ. ಈ ಕಾಯಿಲೆಯಲ್ಲಿ ಕೈ ನಡುಗುವುದು ಎಲ್ಲರಿಗೂ ತಿಳಿದದ್ದೇ. ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತ ಹೋದಂತೆ ಮುಖದ ಸ್ನಾಯುಗಳೂ ಬಿಗಿಯುತ್ತವೆ, ದನಿ ಇಳಿಯುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಒಳಗೆ ಖುಷಿಯಿದ್ದರೂ ಮುಖಕ್ಕೆ ಬರುವುದಿಲ್ಲ. ಎರಡನೇ ಭೇಟಿಗೆ ಅವರ ಹೆಂಡತಿಯೂ ಬಂದಿದ್ದರು. "ಕಾಯಿಲೆ ಗೊತ್ತಾಗೋಕೆ ಮುಂಚೆ ಒಂದು ವರ್ಷ ಇವರಿಗೆ ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ" ಎಂದರು. ಹೆಂಡತಿಯೇ ಹಾಗೆಂದುಕೊಂಡಿದ್ದರೆ ಸಭೆಯವರು ಏನೆಂದುಕೊಂಡಿರಬೇಡ?

ಪಾಲಕರನ್ನು ಹಿಂಡುತ್ತಿದ್ದುದು ಬೇರೆಯದೇ. ಮೂವತ್ತು ವರ್ಷ ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರು ಅವರು. "ಗುಣವಾಗದವರಿಗೆ ನಿಮ್ಮ ನಂಬಿಕೆ ಸಾಲದು ಅಂತ ಒಮ್ಮೆಯೂ ಹೇಳಿಲ್ಲ. ಆದರೆ ಮನಸ್ಸಲ್ಲಿ ಅಂದ್ಕೊಂಡಿದ್ದುಂಟು. ಈಗ ಅವರೂ ನನ್ನ ಬಗ್ಗೆ ಅದನ್ನೇ ಅಂದ್ಕೋತಾರೆ." ಹೀಗೆ ಹೇಳುವಾಗಲೂ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕಣ್ಣಲ್ಲಿ ಮಾತ್ರ ನೀರು.

ನನಗೆ ಬೈಬಲ್ ಪಾಂಡಿತ್ಯವಿಲ್ಲ, ಅವರಿಗೆ ವಾಕ್ಯ ಬೋಧಿಸುವುದು ನನ್ನ ಕೆಲಸವೂ ಅಲ್ಲ. ಹಾಗಾಗಿ, ಇದೇ ಕಾಯಿಲೆಯ ಒಬ್ಬ ಸಭಿಕ ಬಂದು ತಾನು ಮಾಡಿದ ಪಾಪವೇನೆಂದು ಕೇಳಿದರೆ ಯಾವ ಭಾಗ ಓದಿ ಹೇಳುತ್ತೀರಿ ಎಂದಷ್ಟೇ ಕೇಳಿದೆ. ತಡವಿಲ್ಲದೆ ಉತ್ತರ ಬಂತು: ಯೋಹಾನನ ಸುವಾರ್ತೆಯ 9ನೇ ಅಧ್ಯಾಯ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಎಂದಾಗ ಯೇಸು ಇಬ್ಬರೂ ಅಲ್ಲ ಎನ್ನುತ್ತಾನೆ. "ಅಪೊಸ್ತಲ ಪೌಲನ ದೇಹದಲ್ಲಿ ನಾಟಿದ್ದ ಶೂಲವನ್ನೂ ಹೇಳ್ತೀನಿ. ಮೂರು ಸಲ ಬೇಡಿಕೊಂಡರೂ ಹೋಗಲಿಲ್ಲ." ಹೇಳುತ್ತ ಹೇಳುತ್ತ ತಾವೇ ನಿಂತರು. ಆ ದಿನ ಅಲ್ಲಿಗೇ ಮುಗಿಸಿದೆವು.

ಮುಂದಿನ ಸಲ ಬಂದಾಗ, ಕೊನೆಯವರೆಗೂ ಪದವಿಯಲ್ಲಿರುವುದೋ ಬಿಡುವುದೋ ಎಂಬ ಎರಡು ದಾರಿ ಹಿಡಿದು ಬಂದಿದ್ದರು. ಪ್ರೊಟೆಸ್ಟೆಂಟರಾದರೂ ಉದಾಹರಣೆಗೆ ಸಿಕ್ಕವರು ಇಬ್ಬರು ಪೋಪರು! ಎರಡನೇ ಜಾನ್ ಪಾಲ್ ಅವರಿಗೂ ಇದೇ ಕಾಯಿಲೆ. 2005ರ ಈಸ್ಟರ್ ದಿನ ಕಿಟಕಿಯಲ್ಲಿ ನಿಂತು ಮಾತಾಡಲಾಗದೆ ಬರೀ ಕೈಯಿಂದ ಆಶೀರ್ವದಿಸಿದರು, ವಾರದೊಳಗೆ ತೀರಿಕೊಂಡರು. ಹದಿನಾರನೇ ಬೆನೆಡಿಕ್ಟ್ ಶಕ್ತಿ ಸಾಲದೆಂದು 2013ರಲ್ಲಿ ಪದವಿ ಬಿಟ್ಟರು. "ಇವರಲ್ಲಿ ನಾನು ಯಾರು?" ಇಬ್ಬರೂ ಅಲ್ಲ ಅಂದೆ. ಪಾಲಕರದು ಮಾತ್ರೆಗೆ ಇನ್ನೂ ಚೆನ್ನಾಗಿ ಬಗ್ಗುತ್ತಿರುವ ಕಾಯಿಲೆ. ಸಭೆಯಲ್ಲಿ ನಾಲ್ವರು ಹಿರಿಯರಿದ್ದಾರೆ, ಪಾತ್ರೆ ಹಿಡಿಯಲು ಎಂಟು ಕೈ.

ಕ್ರಿಸ್ಮಸ್ ಪೀಠದಿಂದಲೇ ಎಲ್ಲ ಹೇಳಿಬಿಡುವ ಆಸೆ ಅವರಿಗಿತ್ತು. ನಾನು ಬೇಡವೆಂದೆ. ವರ್ಷಕ್ಕೊಮ್ಮೆ ಬರುವವರ ಮುಂದೆ, ಹಬ್ಬದ ಬೆಳಗ್ಗೆ, ಆ ಇಳಿದ ದನಿಯಲ್ಲಿ ಹೇಳಿದರೆ ಗಾಬರಿಯಷ್ಟೇ ಉಳಿಯುತ್ತದೆ. ಕೇಳಬೇಕಾದವರು ಕೇಳಲೂ ಆಗುವುದಿಲ್ಲ. ಮೊದಲು ಹಿರಿಯರಿಗೆ, ಆಮೇಲೆ ಭಾನುವಾರ ತಪ್ಪದೆ ಬರುವವರಿಗೆ, ಆಗಮನ ಕಾಲದೊಳಗೇ ಹೇಳಿ ಅಂದೆ. ಮುಖದ ವಿಷಯ ಬಿಡಬೇಡಿ, ಕೈಗಿಂತ ಮೊದಲು ಅದನ್ನೇ ಹೇಳಿ.

ನಿದ್ದೆಯಿಲ್ಲ, ಬೆಳಗ್ಗೆ ಏಳುವ ಮನಸ್ಸಿಲ್ಲ, ಪ್ರಾರ್ಥನೆ ಬಾಯಿಗೆ ಬರುವುದಿಲ್ಲ ಎಂದದ್ದನ್ನು ಅವರು ನಂಬಿಕೆಯ ಸೋಲೆಂದು ಎಣಿಸಿದ್ದರು. ಖಿನ್ನತೆ ಈ ಕಾಯಿಲೆಯ ಭಾಗವಾಗಿಯೇ ಬರುವುದುಂಟು, ಅದಕ್ಕೆ ಚಿಕಿತ್ಸೆಯೂ ಇದೆ. ಅದನ್ನು ಚೀಟಿಯಲ್ಲಿ ಬರೆದು ನರರೋಗ ತಜ್ಞರಿಗೆ ಕೊಡಲು ಹೇಳಿದೆ. ಡೋಪಮೈನ್ ಕೊರತೆ ತುಂಬುವ ಲೆವೊಡೋಪ ಮಾತ್ರೆಯ ಒಳ್ಳೆಯ ಗಂಟೆಗಳು ಆರಾಧನೆಯ ಹೊತ್ತಿಗೆ ಬರುವಂತೆ ಮಾಡಬಹುದೇ ಎಂದೂ ಅವರನ್ನೇ ಕೇಳಲು ಹೇಳಿದೆ. ತಾವಾಗಿಯೇ ಹೊತ್ತು ಬದಲಿಸುವುದು ಬೇಡ. ದನಿಗೆ ವಾಕ್ ಚಿಕಿತ್ಸಕರಿದ್ದಾರೆ. ಗಟ್ಟಿಯಾಗಿ ಮಾತಾಡುವ ಅಭ್ಯಾಸದಿಂದ ಪ್ರಯೋಜನವಿದೆ. ಪ್ರಾರ್ಥನೆ ಬಾರದ ದಿನಗಳಿಗೆ ಅವರೇ ಬೈಬಲಿನ 88ನೇ ಕೀರ್ತನೆಯನ್ನು ಆರಿಸಿಕೊಂಡರು. ಅದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಮಾತು ಕೊನೆಗೂ ಬರುವುದಿಲ್ಲ.

ಇನ್ನು ಆ ಏಳು ಪುಟ. ಸಮಾಜ ಬದಲಾದದ್ದೂ ನಿಜ, ದೇಹ ಬದಲಾದದ್ದೂ ನಿಜ. ಆದರೆ ಒಂದರ ದುಃಖಕ್ಕೆ ಇನ್ನೊಂದನ್ನು ಬೈಯುತ್ತಿದ್ದೀರಿ ಎಂದೆ. ಇದು ಅವರಿಗೆ ಹಿಡಿಸಲಿಲ್ಲ. ಫೋನಿನಲ್ಲಿ ಆರಾಧನೆ ನೋಡುವವರಲ್ಲಿ ಹಾಸಿಗೆ ಬಿಟ್ಟೇಳಲಾಗದವರು ಎಷ್ಟು ಮಂದಿ ಎಂದು ಕೇಳಿದೆ. ಎಣಿಸಿರಲಿಲ್ಲ.

ಹಿರಿಯರಿಗೆ ಹೇಳಿದ ದಿನ, ವರ್ಷದಿಂದ ಅಷ್ಟಕ್ಕಷ್ಟೇ ಇದ್ದ ಖಜಾಂಚಿ ಎದ್ದು ನಿಂತು, "ಹಾಗಾದ್ರೆ ಅಯ್ಯನವರೇ, ನನ್ನ ಮೇಲೆ ಕೋಪ ಇರ್ಲಿಲ್ವಾ?" ಎಂದರಂತೆ. ಕ್ರಿಸ್ಮಸ್ ಬೆಳಗ್ಗೆ ಪಾಲಕರು ಕುರ್ಚಿಯಲ್ಲಿ ಕೂತೇ ಎರಡು ಪುಟ ಮಾತಾಡಿದರು. ಪಾತ್ರೆ ಹಿಡಿದವರು ಆ ಖಜಾಂಚಿ.

ಜನವರಿಯಲ್ಲಿ ಬಂದಾಗ ಉಳಿದ ಐದು ಪುಟ ಏನಾಯಿತೆಂದು ಕೇಳಿದೆ. "ಇಟ್ಟಿದ್ದೀನಿ ಮೇಡಂ, ತಪಸ್ಸು ಕಾಲಕ್ಕೆ ಬೇಕಾಗುತ್ತೆ" ಎಂದರು. ಈಸ್ಟರ್‌ಗೆ ಮುಂಚಿನ ಪಶ್ಚಾತ್ತಾಪದ ದಿನಗಳು ಅವು. ತಮಾಷೆಯೋ ಅಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ. ಕೇಳಿದೆ. ತಮಾಷೆಯಂತೆ.