ಒಣಗಿದ ಬೇವಿನ ರೆಂಬೆಯಲ್ಲಿ ಸಿಕ್ಕ ಶಿಲೀಂಧ್ರ ಹೊಸ ಪ್ರಭೇದವೇ? ಇಡೀ ಜೀನೋಮ್ ಸೀಕ್ವೆನ್ಸ್ ಮಾಡಿಸಬೇಕೇ?

ತುದಿಯಿಂದ ಒಣಗುತ್ತಿರುವ ಬೇವಿನ ರೆಂಬೆಯಿಂದ ಬೆಳೆಸಿದ ಶಿಲೀಂಧ್ರದ ಐಟಿಎಸ್ ಭಾಗವು (ಶಿಲೀಂಧ್ರಗಳನ್ನು ಗುರುತಿಸಲು ಓದುವ ಡಿಎನ್‌ಎ ತುಣುಕು) ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಭಂಡಾರದ ದಾಖಲೆಗಳೊಂದಿಗೆ ಶೇ 97ರಷ್ಟು ಮಾತ್ರ ಹೊಂದುತ್ತಿದೆ, ಇದನ್ನು ಹೊಸ ಪ್ರಭೇದವೆನ್ನಬಹುದೇ, ಅದರ ಇಡೀ ಡಿಎನ್‌ಎಯನ್ನು, ಅಂದರೆ ಜೀನೋಮನ್ನು, ಓದಿಸಿದರೆ ಇತ್ಯರ್ಥವಾಗುತ್ತದೆಯೇ ಎಂದು ತಾವು ಕೇಳಿದ್ದೀರಿ. ಸಸ್ಯರೋಗಗಳ ಪ್ರಯೋಗಾಲಯದಲ್ಲಿ ಇಂಥದೇ ಕೆಲಸ ಮಾಡುವವನಾಗಿ ನನ್ನ ಅಭಿಪ್ರಾಯವೆಂದರೆ, ಇಷ್ಟರ ಮೇಲೆ ಹೊಸದೆನ್ನಲು ಬರುವುದಿಲ್ಲ. ಜೀನೋಮಿಗೆ ಹಣ ಸುರಿಯುವ ಕಾಲವೂ ಇನ್ನೂ ಬಂದಿಲ್ಲ.

ಬೇವಿನ ಈ ರೋಗಕ್ಕೆ ಕಾರಣವಾದ ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಪ್ರಭೇದವನ್ನು ಮೈಸೂರಿನ ಸತೀಶ್, ಶಂಕರ ಭಟ್ ಮತ್ತು ದೇವಕಿ ಅವರು 1997ರಲ್ಲೇ ವಿವರಿಸಿದ್ದಾರೆ. ಮೊದಲ ಹೋಲಿಕೆ ಅದರೊಂದಿಗೇ ಆಗಬೇಕು. ಫೋಮಾಪ್ಸಿಸ್‌ಗಳನ್ನು ಈಗ ಡಯಾಪೋರ್ಥೆ ಕುಲದಲ್ಲಿ ಸೇರಿಸಲಾಗುತ್ತದೆ. ಈ ಕುಲದಲ್ಲಿ ಒಂದೇ ಪ್ರಭೇದದೊಳಗೂ ಐಟಿಎಸ್ ಸಾಕಷ್ಟು ವ್ಯತ್ಯಾಸವಾಗುವುದರಿಂದ ಟೆಫ್1, ಬೀಟಾ ಟ್ಯೂಬ್ಯುಲಿನ್, ಕ್ಯಾಲ್ಮೊಡ್ಯುಲಿನ್, ಹಿಸ್ಟೋನ್ ಎಚ್3 ಜೀನ್‌ಗಳನ್ನೂ ಓದಿಸಿ, ಎಲ್ಲವನ್ನೂ ಒಟ್ಟಿಗಿಟ್ಟು ವಂಶವೃಕ್ಷ ಕಟ್ಟುವುದು ರೂಢಿ. ಅದಕ್ಕೂ ಮುನ್ನ ತಮ್ಮ ಕ್ರೊಮ್ಯಾಟೊಗ್ರಾಮ್‌ನ (ಯಂತ್ರ ಡಿಎನ್‌ಎ ಅಕ್ಷರಗಳನ್ನು ಓದಿ ಕೊಡುವ ನಕ್ಷೆ) ಎರಡೂ ತುದಿಗಳನ್ನು ದಯವಿಟ್ಟು ಕಣ್ಣಾರೆ ನೋಡಿ: ಅಲ್ಲಿನ ಕಲಸುಮೇಲೋಗರದ ಅಕ್ಷರಗಳನ್ನು ಕತ್ತರಿಸಿದೊಡನೆ ಶೇ 97 ಇದ್ದದ್ದು 99 ಆಗುವುದು ಅಪರೂಪವೇನಲ್ಲ.

ಮರದಲ್ಲಿ ಸಿಕ್ಕಿದ್ದೆಲ್ಲ ರೋಗಕಾರಕವಲ್ಲ. ಡಯಾಪೋರ್ಥೆಗಳು ಆರೋಗ್ಯವಂತ ರೆಂಬೆಯೊಳಗೂ ಸದ್ದಿಲ್ಲದೆ ಬದುಕಿರುತ್ತವೆ. ಆದ್ದರಿಂದ ಹಸಿ ಭಾಗ ಮುಗಿದು ಒಣಗಿದ ಭಾಗ ಶುರುವಾಗುವ ಗಡಿಯಿಂದ ಚೂರುಗಳನ್ನು ಕತ್ತರಿಸಿ, ಮೇಲ್ಮೈ ಶುದ್ಧಿ ಮಾಡಿ ಬೆಳೆಸಿ. ಹಾಗೆಯೇ ಆರೋಗ್ಯವಂತ ಮರದ ಚೂರುಗಳನ್ನೂ ಪಕ್ಕದ ತಟ್ಟೆಯಲ್ಲಿಡಿ. ಒಂದೇ ಬೀಜಾಣುವಿನಿಂದ ಎಬ್ಬಿಸಿದ ಶುದ್ಧ ಕೃಷಿಯನ್ನು (ಕಲ್ಚರ್) ಬೇವಿನ ಸಸಿಗೆ ಸೋಂಕಿಸಿ, ಅದೇ ರೋಗ ಬಂದು, ಅದೇ ಶಿಲೀಂಧ್ರ ಮರಳಿ ಸಿಕ್ಕಿದರೆ ಮಾತ್ರ ಕಾಕ್‌ನ ನಿಯಮ ಪೂರೈಸಿದಂತೆ. ಸೂಕ್ಷ್ಮದರ್ಶಕದಲ್ಲಿ ಎರಡು ಎಣ್ಣೆಹನಿಗಳಿರುವ ಕದಿರಿನಾಕಾರದ ಆಲ್ಫಾ ಬೀಜಾಣುಗಳನ್ನೂ ಕೊಕ್ಕೆಯಂತೆ ಬಾಗಿದ ದಾರದಂಥ ಬೀಟಾ ಬೀಜಾಣುಗಳನ್ನೂ ಅಳೆದು ಬರೆದಿಟ್ಟುಕೊಳ್ಳಿ.

ಯುರೋಪಿನ ಆಶ್ ಮರಗಳ ಪ್ರಕರಣ ಇಲ್ಲಿ ಉಪಯುಕ್ತ. 1990ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಕಾಣಿಸಿಕೊಂಡ ಸಾವಿಗೆ ಕಾರಣವಾದ ಶಿಲೀಂಧ್ರಕ್ಕೆ 2006ರಲ್ಲಿ ಹೆಸರು ಬಿತ್ತು. 2009ರಲ್ಲಿ ಅದರ ಲೈಂಗಿಕ ಹಂತವನ್ನು, ಉದುರಿದ ಎಲೆತೊಟ್ಟಿನ ಮೇಲೆ ಬೆಳೆಯುವ ನಿರುಪದ್ರವಿ ಹೈಮೆನೋಸ್ಕೈಫಸ್ ಆಲ್ಬಿಡಸ್ ಎಂದೇ ಭಾವಿಸಲಾಯಿತು. ಸ್ವಲ್ಪದರಲ್ಲೇ ಡಿಎನ್‌ಎ ಹೋಲಿಕೆಯಿಂದ, ರೂಪದಲ್ಲಿ ಬಹುತೇಕ ಒಂದೇ ಆದರೂ ಅದು ಬೇರೆ ಪ್ರಭೇದವೆಂದು ತಿಳಿಯಿತು. 2014ರಿಂದ ಅದು ಹೈಮೆನೋಸ್ಕೈಫಸ್ ಫ್ರಾಕ್ಸಿನಿಯಸ್. ಗಮನಿಸಿ, ಪ್ರಭೇದ ಬೇರ್ಪಡಿಸಲು ಇಡೀ ಜೀನೋಮ್ ಬೇಕಾಗಲಿಲ್ಲ. ಪೂರ್ವ ಏಷ್ಯಾದಿಂದ ಬಂದ ಈ ಶಿಲೀಂಧ್ರದ ಯುರೋಪಿನ ಸಂತತಿಗೆ ಮೂಲ ಕೇವಲ ಎರಡು ಜೀವಿಗಳು ಎಂಬ 2018ರ ತೀರ್ಮಾನಕ್ಕೆ ಮಾತ್ರ ಅನೇಕ ಮಾದರಿಗಳ ಜೀನೋಮ್ ಬೇಕಾಯಿತು.

ಹಾಗಾಗಿ ಎಲ್ಲಿಂದ ಬಂತು, ಯಾವ ಜೀನ್ ರೋಗ ತರುತ್ತದೆ ಎಂಬಂಥ ಪ್ರಶ್ನೆ ತಮ್ಮದಾದರೆ ಜೀನೋಮ್ ಓದಿಸಿ. ಐದಾರು ಕೋಟಿ ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಜೀನೋಮಿಗೆ ನ್ಯಾನೋಪೋರ್‌ನಂಥ ಡಿಎನ್‌ಎಯ ಉದ್ದ ತುಣುಕುಗಳನ್ನು ಒಮ್ಮೆಗೇ ಓದುವ ವಿಧಾನ ಚೆನ್ನಾಗಿ ಒಗ್ಗುತ್ತದೆ. ಆದರೆ ಡಿಎನ್‌ಎ ತುಂಡಾಗಿರಬಾರದು, ಶಿಲೀಂಧ್ರದ ಲೋಳೆ ಸಕ್ಕರೆಗಳು ಅದರಲ್ಲಿ ಉಳಿದಿರಬಾರದು. ನನ್ನ ಅನುಭವದಲ್ಲಿ ಯಂತ್ರಕ್ಕಿಂತ ಈ ಹಂತವೇ ಹೆಚ್ಚು ಕಾಡುತ್ತದೆ.

ಕೊನೆಗೂ ಹೊಸ ಪ್ರಭೇದವೆಂದೇ ಖಚಿತವಾದರೆ, ಒಣಗಿಸಿದ ಮೂಲ ಮಾದರಿಯನ್ನು ಮಾನ್ಯ ಸಂಗ್ರಹಾಲಯದಲ್ಲಿಟ್ಟು, ಮೈಕೋಬ್ಯಾಂಕ್‌ನಂಥ ನೋಂದಣಿ ಕೋಶದಿಂದ ಸಂಖ್ಯೆ ಪಡೆಯಬೇಕು. 2013ರಿಂದ ಆ ಸಂಖ್ಯೆಯಿಲ್ಲದ ಹೆಸರು ಸಿಂಧುವಲ್ಲ. ಜೀವಂತ ಕೃಷಿಯನ್ನು ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಕಳುಹಿಸಬಹುದು.